ಊಟಕ್ಕೆ ಕರೆದ ಕ್ಯಾಸೆಟ್ಟು

ನನ್ನ ನಾದಿನಿ ನಮ್ಮ ಮನೆಯ ಹೊಸ್ತಿಲು ತುಳಿಯದೆ ಎಷ್ಟು ವರ್ಷವಾಯಿತು ಎಂದು ನಾನು ಲೆಕ್ಕ ಇಟ್ಟಿಲ್ಲ. ಅವಳು ಇಟ್ಟಿದ್ದಾಳೆ. ನನ್ನ ಮಗಳ ಮದುವೆಯಲ್ಲಿ ಅವಳನ್ನು ನಾನು ಊಟಕ್ಕೆ ಕರೆಯಲಿಲ್ಲವಂತೆ. ಮದುವೆ ನಡೆದದ್ದು ಗುಬ್ಬಿಯ ಛತ್ರದಲ್ಲಿ. ಅವಳ ಮನೆಯೂ ಗುಬ್ಬಿಯಲ್ಲೇ, ಛತ್ರದ ವಾಲಗ ಅವಳ ಅಡುಗೆಮನೆಗೆ ಕೇಳುವಷ್ಟು ಹತ್ತಿರ. ಬೀಗರನ್ನು ಕರೆದೆ, ಬೀಗರ ಡ್ರೈವರನ್ನು ಕರೆದೆ, ವಾಲಗದವರನ್ನು ಕರೆದೆ, ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಮಾತ್ರ ಬಿಟ್ಟೆ ಎನ್ನುವುದು ಅವಳ ದೂರು.

ನಾನು ಕರೆದಿದ್ದೆ. ಊಟದ ಮನೆಯ ಬಾಗಿಲಲ್ಲಿ ನಿಂತು, "ಬಾ ಊಟಕ್ಕೆ, ಮಿಕ್ಕಿದ್ದು ಆಮೇಲೆ" ಎಂದು ಬಾಯಿ ಬಿಟ್ಟು ಕರೆದದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಕಡೆ ಊಟಕ್ಕೆ ಕರೆಯುವುದು ಎಂದರೆ ಎಲೆ ಹಾಕಿದ ಮೇಲೆ ಎದುರಿಗೆ ಹೋಗಿ ನಿಂತು "ಏಳಿ" ಎನ್ನಬೇಕು. ಮನೆಗೆ ಹೋಗಿ ಮದುವೆ ಪತ್ರಿಕೆ ಕೊಟ್ಟದ್ದು, ಸೀರೆ ಉಡಿಸಿದ್ದು, ಹಣೆಗೆ ಕುಂಕುಮ ಇಟ್ಟದ್ದು ಯಾವುದೂ ಜಮಾ ಆಗುವುದಿಲ್ಲ. ಎಲೆಯ ಮುಂದಿನ ಆ ಒಂದು ಮಾತು ಬೀಳದಿದ್ದರೆ ಬಂದವರು ಹಸಿದುಕೊಂಡೇ ಹೋಗುತ್ತಾರೆ, ಹೋಗಿ ಸಾಯುವತನಕ ಹೇಳುತ್ತಾರೆ. ನನ್ನ ನಾದಿನಿ ಹೇಳುತ್ತಲೇ ಇದ್ದಳು. ಹೇಳಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ಅವಳು ಬರದಿದ್ದರೆ ನನಗೆ ಒಂದು ಲೋಟ ಕಾಫಿ ಮಿಕ್ಕುತ್ತಿತ್ತು.

ಆದರೆ ಈಗ ಹೊಸ ಮನೆ ಬಂತು. ನಮ್ಮ ಯಜಮಾನರು ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ತುಮಕೂರಿನಲ್ಲಿ ನಾವು ಬಾಡಿಗೆಗೆ ಇರದ ಗಲ್ಲಿ ಇಲ್ಲ. ಕೊನೆಗೂ ಆ ಫ್ಯಾಕ್ಟರಿಯ ಹಿಂದೆಯೇ ಸ್ವಂತದ್ದೊಂದು ಮನೆ ಎದ್ದು ನಿಂತಿತು. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವವಳು ಮನೆಯ ಹೆಣ್ಣುಮಗಳು. ಅಂದರೆ ಯಜಮಾನರ ತಂಗಿ. ಅಂದರೆ ಇವಳು.

"ನನ್ ತಂಗಿ ಬರ್ದೆ ಆ ಮನೇಲಿ ಒಲೆ ಹತ್ಸೋದು ಬೇಡ" ಎಂದರು ಯಜಮಾನರು.

"ಯಾಕೆ, ನಾನ್ ಹತ್ಸಿದ್ರೆ ಗ್ಯಾಸು ಹತ್ತಲ್ವಾ?"

"ಹತ್ತುತ್ತೆ. ಹಾಲು ಉಕ್ಕಲ್ಲ."

"ಹಾಲಿಗೇನ್ರೀ ಗೊತ್ತು ಯಾರು ಹತ್ಸಿದ್ದು ಅಂತ?"

ನಮ್ಮ ಮದುವೆಯಾಗಿ ನಲವತ್ತು ವರ್ಷಕ್ಕೂ ಮೇಲಾಯಿತು, ಸೋಲುವ ಜಾಗ ಬಂದಾಗ ಅವರು ಕನ್ನಡಕ ಒರೆಸುತ್ತಾರೆ. ಆ ದಿನ ಒರೆಸಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದರು. ಇದು ಹಟ ಎಂದು ಗೊತ್ತಾಯಿತು. ಮರುದಿನ ಬೆಳಿಗ್ಗೆ ಅರಿಶಿನ ಕುಂಕುಮ ಕಟ್ಟಿಕೊಂಡು ಗುಬ್ಬಿ ಬಸ್ಸು ಹತ್ತಿದೆ.

ನಾದಿನಿ ಬಾಗಿಲು ತೆಗೆದಳು, ಕೂರಿಸಿದಳು, ಕಾಫಿ ಕೊಟ್ಟಳು, ಸಕ್ಕರೆ ಇಲ್ಲದ್ದೇ ಕೊಟ್ಟಳು. ನನಗೆ ಶುಗರ್ ಇರುವುದನ್ನು ಯಾರೋ ಹೇಳಿದ್ದಾರೆ. ನಾನು ಬಂದ ವಿಷಯ ಹೇಳಿದೆ.

"ಬರ್ತೀನಿ ಅತ್ಗೆ, ಅದಕ್ಕೇನು. ಅವತ್ತು ಊಟಕ್ಕೆ ಕರೀಲಿಲ್ಲ ಅಂತ ಒಂದ್ ಮಾತು ಒಪ್ಕೊ. ನಾನೇ ಹಾಲು ತಗೊಂಡು ಬರ್ತೀನಿ."

"ಕರೆದಿರೋಳು ಯಾಕಮ್ಮಿ ಒಪ್ಕೊಬೇಕು?"

"ಕರೆದಿದ್ರೆ ತೋರ್ಸು. ಮೂತಿಗೆ ಲೈಟ್ ಬಿಟ್ಕೊಂಡು ಅಷ್ಟು ದೊಡ್ಡ ಕ್ಯಾಮೆರಾ ಓಡಾಡ್ತಿತ್ತಲ್ಲ, ಅದರಾಗೆ ಬಂದಿರ್ಬೇಕಲ್ಲ. ತೋರ್ಸು. ಅವತ್ತೇ ಬರ್ತೀನಿ. ತೋರ್ಸಕ್ಕಾಗ್ದಿದ್ರೆ ನಿಮ್ಮ ಹಾಲು ನೀವೇ ಉಕ್ಕಿಸ್ಕೊಳ್ಳಿ."

ನಾನು ಆಗಲಿ ಎಂದೆ. ಸುಲಭದ ಕೆಲಸ ಎಂದುಕೊಂಡಿದ್ದೆ. ಮದುವೆಯ ಡಿವಿಡಿ ಮನೆಯಲ್ಲಿತ್ತು. ಮಗಳು ಫೋನಿನಲ್ಲಿ ದಾರಿ ಹೇಳಿಕೊಟ್ಟಳು, ಯಜಮಾನರು ಹಾಕಿದರು, ನೋಡಿದೆವು. ಅದರಲ್ಲಿ ಊಟ ಎನ್ನುವುದು ಒಂದು ಹಾಡಿನಷ್ಟು ಇದೆ. ಹಾಡು ಮುಗಿಯುವುದರೊಳಗೆ ಇಡೀ ಛತ್ರ ಉಂಡು ಕೈ ತೊಳೆದುಬಿಡುತ್ತದೆ. ಯಾರ ಮಾತೂ ಕೇಳುವುದಿಲ್ಲ. ಅಲ್ಲಿಂದ ಮುಂದೆ ನನ್ನ ಅಳಿಯ ಹಿಮದ ಬೆಟ್ಟದ ಮುಂದೆ ಕೈ ಕಟ್ಟಿ ನಿಂತಿದ್ದಾನೆ. ಅವನು ದೇವರಾಯನದುರ್ಗ ಬಿಟ್ಟು ಬೇರೆ ಬೆಟ್ಟ ಹತ್ತಿದವನಲ್ಲ.

ಆಗ ಕ್ಯಾಸೆಟ್ಟು ನೆನಪಾಯಿತು. ಮದುವೆ ಮುಗಿದ ಮೇಲೆ ಎಲ್ಲರೂ ಡಿವಿಡಿ ಇಸಿದುಕೊಂಡು ಸುಮ್ಮನಾಗುತ್ತಾರೆ. ಕ್ಯಾಮೆರಾದೊಳಗಿನ ಮೂಲ ಕ್ಯಾಸೆಟ್ಟನ್ನು ವಿಡಿಯೋದವನು ಅಳಿಸಿ ಮುಂದಿನ ಮದುವೆಗೆ ಹಾಕಿಕೊಳ್ಳುತ್ತಾನೆ. ನಾನು ಬಿಡಲಿಲ್ಲ. ನನ್ನ ಮಗಳ ಧಾರೆಯ ಮೇಲೆ ಇನ್ನೊಬ್ಬರ ಮಗಳ ಧಾರೆ ಯಾಕೆ ಎಂದು ಜಗಳ ಮಾಡಿ ಮೂರು ಕ್ಯಾಸೆಟ್ಟನ್ನೂ ತಂದಿದ್ದೆ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡವು. ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ನಾಲ್ಕು ಲವಂಗ ಉದುರಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ. ಹುಳ ಬಿದ್ದಿರಲಿಲ್ಲ.

ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಅಂಗಡಿಯ ಮುಂದೆ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇವೆ ಎಂದು ಬೋರ್ಡು ಇತ್ತು. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು, ಆದರೂ ಕೂಡಿಸಿಕೊಂಡು ಓದಿದೆ. ಅಂಗಡಿಯವನು ಒಂದು ಕ್ಯಾಸೆಟ್ಟನ್ನು ತನ್ನ ಮಿಷನ್ನಿಗೆ ತುರುಕಿದ. ಟಿವಿ ತುಂಬ ಬರೀ ನೀಲಿ. ಎರಡನೆಯದೂ ನೀಲಿ. ಮೂರನೆಯದೂ ನೀಲಿ.

"ಖಾಲಿ ಕ್ಯಾಸೆಟ್ ಅಜ್ಜಿ ಇವು. ಏನೂ ಇಲ್ಲ."

"ನನ್ ಮಗಳ ಮದ್ವೆ ಐತೆ ಕಣಪ್ಪ ಅದರಾಗೆ."

"ಇದ್ದಿದ್ರೆ ಬರ್ತಿತ್ತಲ್ಲಜ್ಜಿ. ಯಾರೋ ನಿಮ್ಗೆ ಹೊಸ ಕ್ಯಾಸೆಟ್ ಕೊಟ್ಟು ಕಳ್ಸವ್ರೆ."

ನಾನು ಮನೆಗೆ ಬಂದು ವಿಷಯ ಹೇಳಿ ಸೆರಗು ಸಡಿಲಿಸಿ ಕೂರುವುದರೊಳಗೆ ಯಜಮಾನರು ತಂಗಿಗೆ ಫೋನ್ ಮಾಡಿ ವರದಿ ಒಪ್ಪಿಸಿದ್ದರು. ಫೋನು ನನ್ನ ಕೈಗೆ ಬಂತು.

"ನೋಡ್ದ್ಯಾ ಅತ್ಗೆ? ಖಾಲಿ. ಕರೆದಿದ್ರೆ ತಾನೇ ಇರೋದು!"

"ಮದ್ವೆನೂ ಇಲ್ಲ ಅದರಾಗೆ. ಹಂಗಂತ ಮದ್ವೆನೂ ಆಗಿಲ್ವಾ? ನನ್ ಮೊಮ್ಮಕ್ಕಳು ಎಲ್ಲಿಂದ ಬಂದ್ವು?"

"ಅದು ಬೇರೆ, ಇದು ಬೇರೆ."

ನನಗೆ ಸಿಟ್ಟು ನೆತ್ತಿಗೇರಿತು. ಖಾಲಿ ಕ್ಯಾಸೆಟ್ಟು ಕೊಟ್ಟವನ ಕತ್ತು ಹಿಡಿಯಬೇಕೆಂದು ಡಬ್ಬಿ ಎತ್ತಿಕೊಂಡು ಮತ್ತೆ ಗುಬ್ಬಿಗೆ ಹೋದೆ. ಮದುವೆಯಲ್ಲಿ ಕಡ್ಡಿಯ ಹಾಗಿದ್ದ ವಿಡಿಯೋದವನು ಈಗ ಹೊಟ್ಟೆ ಬಿಟ್ಟು ಸ್ಟುಡಿಯೋ ಇಟ್ಟಿದ್ದ. ಈಗ ಅವನು ಮೇಲೆ ಹಾರುವ ಕ್ಯಾಮೆರಾದಲ್ಲಿ ಹಿಡಿಯುತ್ತಾನಂತೆ. ಅದರಲ್ಲಿ ನೆಂಟರ ತಲೆ ಮಾತ್ರ ಕಾಣುತ್ತದೆ, ಯಾರು ಬಂದಿದ್ದರು ಎಂದು ಬೋಳಿನ ಮೇಲೆ ಗುರುತು ಹಿಡಿಯಬೇಕು. ನನ್ನ ಬೈಗುಳ ಮುಗಿಯುವವರೆಗೂ ಅವನು ಕಾದ.

"ಅಮ್ಮ, ಕ್ಯಾಸೆಟ್ ಖಾಲಿ ಅಲ್ಲ. ನಿಮ್ ಮಗಳ ಮದ್ವೆಗೆ ಹೆಚ್‌ಡಿ ಕ್ಯಾಮೆರಾ ತಂದಿದ್ದೆ, ಗುಬ್ಬಿಗೇ ಮೊದಲ್ನೇದು. ಕ್ಯಾಸೆಟ್ಟು ಅದೇ ಥರ ಇದ್ರೂ ಒಳಗೆ ಬರೆಯೋದು ಬೇರೆ ಥರ. ಹಳೇ ಮಿಷನ್‌ಗೆ ಅದು ಓದಕ್ಕೆ ಬರಲ್ಲ. ಓದಕ್ಕೆ ಬರ್ದೇ ಇದ್ರೆ ನೀಲಿ ತೋರ್ಸುತ್ತೆ."

ಇದು ನನಗೆ ತಕ್ಷಣ ಅರ್ಥವಾಯಿತು. ನನ್ನ ಮುಂದೆ ಇಂಗ್ಲಿಷ್ ಪೇಪರ್ ಹಿಡಿದರೆ ನನಗೂ ಇರುವೆ ಹರಿದ ಹಾಗೆ ಕಾಣುತ್ತದೆಯೇ ಹೊರತು ಸುದ್ದಿ ಕಾಣುವುದಿಲ್ಲ. ಆದರೆ ನಾನು ಪೇಪರೇ ಖಾಲಿ ಎಂದು ಹೇಳುವುದಿಲ್ಲ. ಆ ತುಮಕೂರಿನವನು ಹೇಳಿದ.

ಆ ಹೆಚ್‌ಡಿ ಕ್ಯಾಮೆರಾ ಇನ್ನೂ ಅವನಲ್ಲಿತ್ತು. ಕೆಲಸಕ್ಕಲ್ಲ, ಪೂಜೆಗೆ. ಮೊದಲು ಅನ್ನ ಕೊಟ್ಟ ಕ್ಯಾಮೆರಾ ಎಂದು ದೇವರ ಪಟದ ಕೆಳಗೆ ಇಟ್ಟುಬಿಟ್ಟಿದ್ದ. ಪ್ರತಿ ಆಯುಧಪೂಜೆಗೂ ಅದಕ್ಕೆ ವಿಭೂತಿ, ಗಂಧ, ಅರಿಶಿನ, ಕುಂಕುಮ, ಮೇಲೊಂದು ಚೆಂಡುಹೂವು. ಎಷ್ಟು ವರ್ಷದ ಕುಂಕುಮವೋ, ಗ್ರಾಮದೇವತೆಯ ಮುಖದ ಹಾಗಾಗಿತ್ತು. ಕೈ ಮುಗಿದು ಕೆಳಗಿಳಿಸಿ, ಕ್ಯಾಸೆಟ್ಟು ಹಾಕಿ ಒತ್ತಿದ. ಸಣ್ಣ ಪರದೆಯಲ್ಲಿ ನನ್ನ ಮಗಳ ಮುಖ ಬಂತು. ಮೂಗು ಒಂದು ಕಡೆ, ಬಾಯಿ ಒಂದು ಕಡೆ, ಕೊಬ್ಬರಿ ಮಿಠಾಯಿ ಕತ್ತರಿಸಿದ ಹಾಗೆ ಚೌಕ ಚೌಕ.

"ಇದೇನಪ್ಪಾ, ನನ್ ಮಗಳು ಹಿಂಗಿದ್ಲಾ?"

ಅವನು ಕ್ಯಾಸೆಟ್ಟು ತೆಗೆದು, ಕ್ಯಾಮೆರಾದ ಬಾಗಿಲ ಸಂದಿಯಲ್ಲಿ ಊದಿದ. ಕೆಂಪು ಧೂಳು ಹಾರಿ ಅವನ ಮುಖಕ್ಕೇ ಬಂತು. ಒಳಗೆ ಕುಂಕುಮ, ಅರಿಶಿನ, ಒಣಗಿದ ಚೆಂಡುಹೂವಿನ ಒಂದು ಎಸಳು.

"ದೇವ್ರ ಮೈಯೊಳ್ಗೇ ಕುಂಕುಮ ಹಾಕಿದೀಯಲ್ಲೋ!"

"ಭಕ್ತಿ ಅಮ್ಮ."

"ಭಕ್ತಿ ಹೊರಗಡೆ ಇರ್ಲಿ, ಒಳಗೆ ತೊಳಿ."

ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಮಗುವಿನ ಕಿವಿ ಒರೆಸುವ ಹಾಗೆ ಒರೆಸಿದ. ಮಗಳ ಮೂಗು ಬಾಯಿ ಜಾಗಕ್ಕೆ ಬಂದವು. ಇನ್ನೇನು ಗೆದ್ದೆ ಎಂದುಕೊಂಡೆ. ಆಗ ಅವನು ತಲೆ ಕೆರೆದುಕೊಂಡ. ಈ ಸಣ್ಣ ಪರದೆಯ ಮಾತು ಸರಿಯಾಗಿ ಕೇಳುವುದಿಲ್ಲ, ಕಂಪ್ಯೂಟರಿಗೆ ಇಳಿಸಿ ದೊಡ್ಡದು ಮಾಡಿ ಕೇಳಬೇಕು. ಇಳಿಸುವುದಕ್ಕೆ ಒಂದು ವೈರು ಇದೆ. ಆ ವೈರು ಚುಚ್ಚುವ ತೂತು ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಅವನ ಹಳೆಯ ಕಂಪ್ಯೂಟರಿನಲ್ಲಿ ಇತ್ತು.

"ಆ ಹಳೇದೆಲ್ಲಿ?"

"ಕುಣಿಗಲ್‌ನಾಗೆ. ನಮ್ಮತ್ತೆ ಮನೇಲಿ. ಮಾಡ್ರನ್ ಆಗಿ ಇರ್ಲಿ ಅಂತ ಗೌರಿ ಹಬ್ಬಕ್ಕೆ ಕೊಟ್ಟಿದ್ದೆ."

"ಹಬ್ಬಕ್ಕೆ ಸೀರೆ ಕೊಡ್ತಾರೆ ಕಣಪ್ಪ."

"ಕಂಪ್ಯೂಟರಿಗೆ ಯಾರೂ ಗಿರಾಕಿ ಸಿಕ್ಲಿಲ್ಲ ಅಮ್ಮ."

ಕುಣಿಗಲ್ಲಿಗೆ ಹೋಗುವುದೆಂದು ಆಯಿತು. ನನಗೆ ಬೇಸರವೇನೂ ಇಲ್ಲ, ನನ್ನ ತವರು ಅದರ ಪಕ್ಕದ ಅಮೃತೂರು. ಆದರೆ ಸುದ್ದಿ ಕೇಳಿ ನಾದಿನಿ ತಾನೂ ಹೊರಟಳು.

"ನಿನ್ ಕಂಪ್ಯೂಟರ್ ನಂಬಲ್ಲ ನಾನು. ಈಗ ಸತ್ತೋರ ಬಾಯಲ್ಲೂ ಮಾತಾಡಿಸ್ತಾರಂತೆ. ನೀನೇ ಅವ್ನಿಗೆ ಹೇಳಿ 'ಊಟಕ್ಕೆ ಬಾ' ಅಂತ ಸೇರಿಸ್ಬುಟ್ರೆ? ನನ್ ಕಣ್ಣೆದುರಿಗೆ ಇಳೀಬೇಕು."

ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಕುಣಿಗಲ್ಲಿಗೆ ಇನ್ನೊಂದು. ವಿಡಿಯೋದವನು ಕ್ಯಾಮೆರಾವನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಮುಂದೆ ಕೂತ. ನಾವಿಬ್ಬರೂ ಹಿಂದೆ. ಕ್ಯಾಸೆಟ್ಟಿನ ಡಬ್ಬಿಯನ್ನು ಅವಳು ನನ್ನ ಕೈಯಲ್ಲಿ ಬಿಡಲು ಒಪ್ಪಲಿಲ್ಲ, ನಾನು ಅವಳ ಕೈಯಲ್ಲಿ ಬಿಡಲು ಒಪ್ಪಲಿಲ್ಲ. ಕೊನೆಗೆ ಡಬ್ಬಿ ಅವಳು ಹಿಡಿದಳು, ಮುಚ್ಚಳ ನಾನು ಒತ್ತಿಕೊಂಡು ಕೂತೆ. ಕಂಡಕ್ಟರ್ ಪ್ರಸಾದ ಎಂದುಕೊಂಡು ಕೈ ಚಾಚಿದ.

ವಿಡಿಯೋದವನ ಅತ್ತೆಯ ಮನೆ ಕೆರೆಯ ಕಡೆ ಹೋಗುವ ದಾರಿಯಲ್ಲಿತ್ತು. ಆಕೆ ನನ್ನ ವಯಸ್ಸಿನವಳೇ, ದಪ್ಪ ದನಿ. ಕಂಪ್ಯೂಟರು ನಡುಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಅದರ ಪೆಟ್ಟಿಗೆಯ ಮೇಲೆ ಟೇಬಲ್ ಫ್ಯಾನು, ಅದಕ್ಕೆ ಒರಗಿ ಒಂದು ರಾಗಿ ಮೂಟೆ.

"ಅಯ್ಯೋ, ಇದಿನ್ನೂ ಉಪಯೋಗಕ್ಕೆ ಬರ್ತದಾ ಅಳಿಯಂದ್ರೇ? ಫ್ಯಾನಿಗೆ ಎತ್ರ ಸರಿ ಹೋಗ್ತದೆ ಅಂತ ಇಟ್ಕೊಂಡಿದ್ದೆ" ಎಂದಳು ಆಕೆ.

ಫ್ಯಾನು ಇಳಿಸಿ, ಮೂಟೆ ಸರಿಸಿ, ಸ್ವಿಚ್ಚು ಹಾಕಿದ. ರಾಗಿ ಮಿಲ್ಲು ಶುರುವಾದ ಹಾಗೆ ಸದ್ದು ಮಾಡಿ ಅದು ಎದ್ದಿತು. ಕ್ಯಾಮೆರಾಗೂ ಕಂಪ್ಯೂಟರಿಗೂ ವೈರು ಕಟ್ಟಿದ. ವೈರಿನ ತುದಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಕ್ಯಾಮೆರಾದಲ್ಲಿ ನಿಂತೂ ನಿಲ್ಲದ ಹಾಗೆ ನಿಂತಿತು.

"ಈಗ ಓಡಿಸ್ತೀನಿ. ಯಾರೂ ವೈರ್ ಮುಟ್ಬೇಡಿ. ಒಂದ್ ಗಂಟೆ ಕ್ಯಾಸೆಟ್ ಇಳಿಯಕ್ಕೆ ಒಂದ್ ಗಂಟೆನೇ ಬೇಕು."

"ಬೇಗ ಇಳ್ಸಕ್ಕಾಗಲ್ವಾ? ನಮ್ ಮೊಮ್ಮಗ ಫೋನಲ್ಲಿ ಕಣ್ಣು ಮುಚ್ಚಿ ತೆಗೆಯೋದ್ರಾಗೆ ಸಿನಿಮಾ ಇಳಿಸ್ತಾನೆ" ಎಂದಳು ನಾದಿನಿ.

"ಇದು ಓಡ್ತಾ ಓಡ್ತಾನೇ ಇಳಿಯೋದಮ್ಮ. ಹಾಲು ಕರೆದಂಗೆ."

"ಊಟದ್ದು ಯಾವ ಕ್ಯಾಸೆಟ್ಟೋ ಅದೊಂದೇ ಹಾಕು."

ಅದು ಅವನಿಗೂ ಗೊತ್ತಿರಲಿಲ್ಲ. ಮೇಲೆ ಬರೆದದ್ದೆಲ್ಲ ಅಳಿಸಿಹೋಗಿತ್ತು. ಹಿಂದೆ ಮುಂದೆ ಓಡಿಸಿ ಹುಡುಕಿದರೆ ಹಳೆಯ ಟೇಪು ಸುತ್ತಿಕೊಳ್ಳುತ್ತದಂತೆ. ಮದುವೆ ಹೇಗೆ ನಡೆದಿತ್ತೋ ಹಾಗೆಯೇ ಕೂತು ನೋಡಬೇಕಾಯಿತು. ಮೊದಲ ಸಲ ನಾನು ಕೂತಿರಲಿಲ್ಲ. ಹೆಣ್ಣಿನ ತಾಯಿಗೆ ಮದುವೆಯಲ್ಲಿ ಕುರ್ಚಿ ಇಲ್ಲ. ಹೀಗಾಗಿ ನನ್ನ ಮಗಳ ಮದುವೆಯನ್ನು ನಾನು ನೋಡಿದ್ದು ಕುಣಿಗಲ್ಲಿನಲ್ಲಿ, ರಾಗಿ ಮೂಟೆಗೆ ಒರಗಿಕೊಂಡು.

ಹೆಚ್‌ಡಿ ಎಂದರೆ ಏನು ಎಂದು ಆವತ್ತು ಗೊತ್ತಾಯಿತು. ಮುಚ್ಚಿಟ್ಟದ್ದೆಲ್ಲ ಕಾಣುತ್ತದೆ. ಪುರೋಹಿತರ ಕಿವಿಯ ಕೂದಲು ಕಾಣುತ್ತದೆ. ಧಾರೆ ಎರೆಯುವಾಗ ಯಜಮಾನರು ಮಂತ್ರ ಹೇಳುತ್ತಿದ್ದಾರೆ ಎಂದು ನಾನು ನಂಬಿದ್ದೆ, ಅವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

"ನಿಮ್ಮಣ್ಣನ್ನ ನೋಡು."

"ಪಾಪ, ರಾತ್ರಿಯೆಲ್ಲ ಓಡಾಡಿದ್ದ."

"ಎಲ್ಲಿಗೆ ಓಡಾಡಿದ್ದ? ಇಸ್ಪೀಟಿನ ಚಾಪೆಯಿಂದ ಮಂಟಪಕ್ಕೆ."

ಅವಳಿಗೂ ನಗು ಬಂತು, ತಡೆದುಕೊಂಡಳು. ಆಮೇಲೆ ತಡೆಯಲಿಲ್ಲ. ಸಾಲಾಗಿ ನೆಂಟರು ಬಂದು ಅಕ್ಷತೆ ಹಾಕುತ್ತಿದ್ದರೆ ನಾವು ಒಬ್ಬೊಬ್ಬರನ್ನೇ ಇಳಿಸುತ್ತ ಹೋದೆವು.

"ಅತ್ಗೆ, ಈಗ ಅಕ್ಷತೆ ಹಾಕ್ತಾವ್ಳಲ್ಲ, ಅವಳ ಕತ್ತಿನ ಸರ ಯಾರ್ದು?"

"ಅವಳದ್ದೇ ಇರ್ಬೇಕು."

"ಅವಳದ್ದಲ್ಲ ಬುಡು. ಹಿಂದ್ಗಡೆ ದಾರ ಕಟ್ಟವ್ಳೆ ನೋಡು, ಕತ್ತಿನ ಅಳತೆಗೆ ಬಂದಿಲ್ಲ. ಯಾರ್ದೋ ಇಸ್ಕೊಂಡಿರೋದು."

"ನಿನ್ ಸೀರೆ ಸೆರಗಿಗೆ ಯಾಕೆ ಪಿನ್ ಹಾಕಿದೀಯ ಅಷ್ಟೊಂದು?"

"ನೀನು ಕೊಟ್ಟ ಸೀರೆ ತಾನೇ? ನಿಲ್ತಾನೇ ಇರ್ಲಿಲ್ಲ. ಅಯ್ಯೋ ಅತ್ಗೆ, ನಿಂಗೆ ಮೀಸೆ ಕಾಣ್ತೈತೆ!"

"ನಿನ್ ಮೂತಿನೂ ಬರ್ತದೆ ಇರು."

ಬಂತು. ಅವಳಿಗೂ ಇತ್ತು. ಎರಡನೇ ಕ್ಯಾಸೆಟ್ಟಿನ ನಡುವೆ ಅವಳು ನೀರು ಕುಡಿಯಲು ಎದ್ದಾಗ ಕಾಲಿಗೆ ವೈರು ಸಿಕ್ಕಿ, ಅಕ್ಕಿ ಕಾಳಿನಂಥ ತುದಿ ಕಿತ್ತು ಬಂದು ಎಲ್ಲ ಕಪ್ಪಾಯಿತು. ಬೇಕೆಂದೇ ಕಿತ್ತಳು ಎಂದೆ. ನೀನೇ ನನ್ನ ಕಾಲ ಕಡೆ ತಳ್ಳಿದೆ ಎಂದಳು. ವಿಡಿಯೋದವನು ಇಬ್ಬರಿಗೂ ಕೈ ಮುಗಿದು ಮತ್ತೆ ಚುಚ್ಚಿದ. ಆಮೇಲೆ ಇಬ್ಬರೂ ಕಾಲು ಮಡಚಿಕೊಂಡು ಕೂತೆವು.

ಇಷ್ಟರಲ್ಲಿ ಅಡುಗೆಮನೆಯಿಂದ ಅವರೆಕಾಳು ಸಾರಿನ ವಾಸನೆ ಬಂತು. ರಾಗಿ ಹಿಟ್ಟು ಕುದಿಯುವ ವಾಸನೆ ಬಂತು. ಮುದ್ದೆ ಕೋಲು ಪಾತ್ರೆಗೆ ತಾಗುವ ಸದ್ದು ಬಂತು. ನಾನು ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ ಎರಡು ಇಡ್ಲಿ ತಿಂದು ಹೊರಟವಳು. ಹೊಟ್ಟೆಯೊಳಗೆ ಕೆರೆ ಬತ್ತಿದ ಹಾಗಾಗಿತ್ತು. ವಿಡಿಯೋದವನ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ನಮ್ಮ ಎದುರಿಗೇ ನಿಂತಳು.

"ಏಳ್ರವ್ವ, ಊಟಕ್ಕೇಳಿ. ಎಲೆ ಹಾಕಿದೀನಿ."

ನಾದಿನಿ ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಹಿಂಗೆ ಕರೆಯೋದು. ಗುರುತು ಪರಿಚಯ ಇಲ್ದೇ ಇರೋರು ಕರೀತಾವ್ರೆ."

"ಹಂಗಾದ್ರೆ ಏಳು. ಹೋಗಿ ಉಣ್ಣು."

"ಆ ಮಾತು ಬರೋವರ್ಗೂ ಏಳಲ್ಲ."

"ನೀನ್ ಏಳ್ದಿದ್ರೆ ನಾನೂ ಏಳಲ್ಲ."

"ಹಠ ಮಾಡ್ಕೊಂಡು ನಮ್ ಮನೇಲಿ ಬಿದ್ ಗಿದ್ದೀರ್ರವ್ವ" ಎಂದು ಆಕೆ ಒಳಗೆ ಹೋದಳು. ವಿಡಿಯೋದವನಿಗೆ ಉಣ್ಣುವ ಆಸೆ ಮುಖದಲ್ಲೇ ಇತ್ತು. ಆದರೆ ಅವನು ಎದ್ದರೆ ವೈರಿನ ಹತ್ತಿರ ನಾವಿಬ್ಬರೇ ಉಳಿಯುತ್ತೇವೆ. ಎಂಜಲು ನುಂಗಿ ಕೂತ.

ಊಟ ಮೂರನೇ ಕ್ಯಾಸೆಟ್ಟಿನಲ್ಲಿತ್ತು. ಸಾಲು ಸಾಲು ಎಲೆ, ಕೋಸಂಬರಿ, ಪಲ್ಯ, ಹೋಳಿಗೆಯ ಮೇಲೆ ತುಪ್ಪ. ಹಸಿದವರಿಗೆ ಹೆಚ್‌ಡಿಯಲ್ಲಿ ಹೋಳಿಗೆ ತೋರಿಸಬಾರದು. ತುಪ್ಪ ಹರಿದು ಎಲೆಯ ನರದಲ್ಲಿ ನಿಂತದ್ದು ಕೂಡ ಕಾಣುತ್ತಿತ್ತು. ನಾದಿನಿ ಗುಟುಕು ನುಂಗಿದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ನಾನು ಬಂದೆ. ಕ್ಯಾಸೆಟ್ಟಿನ ನಾನು. ಎದುರಿಗೆ ನಾದಿನಿ ನಿಂತಿದ್ದಳು. ನಾನು ಅವಳ ಕಡೆ ಕೈ ಚಾಚಿ ಬಾಯಿ ತೆರೆದೆ.

ಚಿತ್ರ ಹಾಗೇ ನಿಂತಿತು. ಮಾತಿಲ್ಲ. ಮುಖ ಚೌಕ ಚೌಕ. ಮತ್ತೆ ಹೊರಟಾಗ ನಾನು ಆ ಕಡೆ ಹೋಗಿಯಾಗಿತ್ತು.

"ಕುಂಕುಮ" ಎಂದ ವಿಡಿಯೋದವನು.

"ಕುಂಕುಮ ಅಲ್ಲ, ಸತ್ಯ. ಬಾಯಿ ತೆಗ್ದವ್ಳೆ, ಮಾತೇ ಇಲ್ಲ!" ಎಂದಳು ನಾದಿನಿ.

"ಲೋ, ತೆಗ್ದು ಒರ್ಸು. ಆ ಜಾಗಕ್ಕೇ ಮತ್ತೆ ತಾ" ಎಂದೆ.

ಹಿಂದಕ್ಕೆ ಓಡಿಸಲು ಅವನಿಗೆ ಧೈರ್ಯವಿರಲಿಲ್ಲ. ಅವನು ದೇವರ ಹೆಸರು ಹೇಳುತ್ತ ಸ್ಪಿರಿಟ್ಟಿನಲ್ಲಿ ಒರೆಸಿ, ಸ್ವಲ್ಪವೇ ಹಿಂದಕ್ಕೆ ಓಡಿಸಿ, ಮತ್ತೆ ಬಿಟ್ಟ. ನಾನು ಮತ್ತೆ ಬಂದೆ, ಕೈ ಚಾಚಿದೆ, ಬಾಯಿ ತೆರೆದೆ. ಈ ಸಲ ಮಾತು ಗಂಟೆ ಹೊಡೆದ ಹಾಗೆ ಬಂತು.

"ಲೇ, ಏನ್ ನೋಡ್ತಾ ನಿಂತಿದೀಯ? ಈ ಹೋಳಿಗೆ ಬುಟ್ಟಿ ಹಿಡ್ಕೊ, ಬೀಗರ ಸಾಲಿಗೆ ಹಾಕು ನಡಿ."

ನಾದಿನಿ ತೊಡೆ ತಟ್ಟಿದಳು. "ಬಡ್ಸಕ್ಕೆ ಕರೆದಿದೀಯ! ಉಣ್ಣಕ್ಕಲ್ಲ!"

"ಮನೆಯೋರಲ್ದೆ ಬೀಗರಿಗೆ ಬೀದಿಯೋರು ಬಡಿಸ್ತಾರಾ? ಇನ್ನೂ ಐತೆ, ಸುಮ್ನೆ ನೋಡು."

ಇನ್ನೂ ಇತ್ತು. ಪಂಕ್ತಿ ಎದ್ದಿತು, ಇನ್ನೊಂದು ಪಂಕ್ತಿ ಕೂತಿತು. ಅವಳು ಬಡಿಸುತ್ತಲೇ ಇದ್ದಳು, ನಾನು ಬೀಗರ ಹಿಂದೆ ಓಡುತ್ತಲೇ ಇದ್ದೆ. ಕಡೆಗೆ ಊಟದ ಮನೆ ಖಾಲಿಯಾಗುವ ಹೊತ್ತಿಗೆ ನಾನು ಬಾಗಿಲ ಹತ್ತಿರ ಬಂದು ನಿಂತು, ಬೆವರು ಒರೆಸಿಕೊಂಡು, ಹೇಳಿದೆ: "ಬಾ ಊಟಕ್ಕೆ, ಮಿಕ್ಕಿದ್ದು ಆಮೇಲೆ."

ನನ್ನ ನೆನಪಿನಲ್ಲಿ ಇದ್ದದ್ದೇ, ಅದೇ ಬಾಗಿಲು, ಅದೇ ಮಾತು. ನಾನು ರಾಗಿ ಮೂಟೆಗೆ ಕೈ ಊರಿ ಎದ್ದು ನಿಂತುಬಿಟ್ಟೆ. ಆದರೆ ಚಿತ್ರದಲ್ಲಿ ನಾದಿನಿ ಎಲ್ಲೂ ಇರಲಿಲ್ಲ. ಎದುರಿಗೆ ಇದ್ದದ್ದು ಕ್ಯಾಮೆರಾ. ಕ್ಯಾಮೆರಾ ಒಮ್ಮೆ ಅಲುಗಾಡಿತು, ನೆಲ ಕಂಡಿತು, ಯಾರದೋ ಚಪ್ಪಲಿ ಕಂಡಿತು, ಮುಗಿಯಿತು. ಆಮೇಲೆ ನೀಲಿ.

"ಆಮೇಲೇನಾಯ್ತು?" ಎಂದಳು ನಾದಿನಿ.

ವಿಡಿಯೋದವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಆಮೇಲೆ ನಾನು ಊಟಕ್ಕೆ ಹೋದೆ. ಅಮ್ಮ ಕರೆದ್ರಲ್ಲ."

"ವಿಡಿಯೋದೋನ್ನ ಕರೆದಿದೀಯ! ನನ್ನ ಬುಟ್ಟು ವಿಡಿಯೋದೋನ್ನ!"

"ಸರಿಯಾಗಿ ನೋಡು. ಆಗ ನೀನು ಎಲ್ಲಿದ್ದೆ?"

"ಇವ್ನ ಪಕ್ಕದಾಗೇ, ಬುಟ್ಟಿ ಹಿಡ್ಕೊಂಡು."

"ಹಂಗಾದ್ರೆ ನಿನ್ನೇ ಕರೆದಿದ್ದು. ಕಣ್ಣು ನೋಡು ನಂದು."

ಕಂಪ್ಯೂಟರಿಗೆ ಇಳಿದದ್ದನ್ನು ಅವನು ಅಲ್ಲೇ ನಿಲ್ಲಿಸಿ ನನ್ನ ಕಣ್ಣನ್ನು ದೊಡ್ಡದು ಮಾಡಿದ. ಹೆಚ್‌ಡಿಯ ಉಪಯೋಗ ಅಲ್ಲಿ ಆಯಿತು. ಕಣ್ಣಿನ ಕೆಂಪು ಗೆರೆ ಕೂಡ ಕಂಡಿತು. ಮೂವರೂ ಬಗ್ಗಿ ನೋಡಿದೆವು.

"ಅಮ್ಮನ ಕಣ್ಣು ಕ್ಯಾಮೆರಾ ಮೇಲಿಲ್ಲ. ಸ್ವಲ್ಪ ಪಕ್ಕಕ್ಕಿದೆ" ಎಂದ ಅವನು, ಹೆದರಿಕೊಂಡು.

"ಯಾವ್ ಪಕ್ಕ? ಎಡಕ್ಕಾ ಬಲಕ್ಕಾ?"

"ಬುಟ್ಟಿ ಇದ್ದ ಪಕ್ಕ."

"ಆ ಪಕ್ಕ ಬಾಳೆಕಂಬನೂ ಇತ್ತು" ಎಂದಳು ನಾದಿನಿ. "ಬಾಳೆಕಂಬಾನ ಊಟಕ್ಕೆ ಕರೆದಿರ್ಬೇಕು."

"ನಿನ್ನ ಕರೆದಿದ್ದು ಕಣೇ! ಇಬ್ರನ್ನೂ ಕರೆದಿದ್ದು!"

"ಹಂಗಾದ್ರೆ ಇವ್ನು ಬಂದು ಉಂಡ, ನನಗ್ಯಾಕೆ ಗೊತ್ತಾಗ್ಲಿಲ್ಲ?"

"ನೀನ್ ಬುಟ್ಟಿ ನೋಡ್ತಿದ್ದೆ. ಎಷ್ಟು ಹೋಳಿಗೆ ಉಳೀತು ಅಂತ."

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಮನೆಯ ಯಜಮಾನಿ ಮುದ್ದೆ ಕೋಲು ಹಿಡಿದುಕೊಂಡೇ ಹೊರಗೆ ಬಂದಳು.

"ಈಗ ಏಳ್ತೀರೋ ಇಲ್ವೋ? ಮುದ್ದೆ ಕಲ್ಲಾಗ್ತಾ ಐತೆ. ಯಾರು ಯಾವಾಗ ಯಾರ್ನ ಕರೆದ್ರೋ ಕಟ್ಕೊಂಡು ನಂಗೇನಾಗ್ಬೇಕು? ಈಗ ನಾನ್ ಕರೀತಾ ಇದೀನಿ!"

ನಾವಿಬ್ಬರೂ ಒಟ್ಟಿಗೇ ಎದ್ದೆವು. ಯಾರು ಮೊದಲು ಎದ್ದದ್ದು ಎಂದು ಯಾವ ಕ್ಯಾಮೆರಾದಲ್ಲೂ ಇಲ್ಲ.

ಮುದ್ದೆ ಇನ್ನೂ ಬಿಸಿಯಿತ್ತು. ಮೊದಲ ಮುದ್ದೆ ನುಂಗಿದ್ದೇ ಇಬ್ಬರಿಗೂ ಗೊತ್ತಾಗಲಿಲ್ಲ. ಎರಡನೆಯದಕ್ಕೆ ಸಾರು ಬಿಡಿಸಿಕೊಳ್ಳುತ್ತ ನಾದಿನಿ ಹೇಳಿದಳು.

"ಹಾಲು ಉಕ್ಕಿಸಕ್ಕೆ ಬರ್ತೀನಿ."

ನಾನು ಇನ್ನೊಂದು ತುತ್ತು ಸಾರಿನಲ್ಲಿ ಅದ್ದಿದೆ.

"ಕರೆದಿದೀಯ ಅಂತ ಒಪ್ಕೊಂಡಂಗಲ್ಲ ಮತ್ತೆ. ಅಣ್ಣನ್ ಮುಖ ನೋಡ್ಕೊಂಡು ಬರೋದು. ಊಟಕ್ಕೆ ಮಾತ್ರ ಪಕ್ಕ ಗಿಕ್ಕ ನೋಡ್ಕೊಂಡು ಕರೀಬಾರ್ದು. ನನ್ ಮುಖ ನೋಡ್ಕೊಂಡು ಕರೀಬೇಕು. ಅದನ್ನ ಯಾರಾದ್ರೂ ಹಿಡೀಬೇಕು."

"ಹಿಡಿಸ್ತೀನಿ ಬುಡು. ನಿನ್ ಮೀಸೆನೂ ಬರ್ಲಿ."

ಗೃಹಪ್ರವೇಶದ ದಿನ ಅವಳು ಎಲ್ಲರಿಗಿಂತ ಮುಂಚೆ ಬಂದಳು. ಹಾಲಿಗೆ ಒಲೆ ಹತ್ತಿಸಿ, ಪಾತ್ರೆಯ ಮುಂದೆ ಕಣ್ಣು ಮಿಟುಕಿಸದೆ ನಿಂತಳು. ಹಾಲು ಮೂಡಣಕ್ಕೇ ಉಕ್ಕಿತು. ಆ ಕಡೆಗೆ ವಾಲಲಿ ಎಂದು ನಾನು ಒಲೆಯ ಕಾಲಿನ ಕೆಳಗೆ ಸ್ವಲ್ಪ ಏನೋ ಕೊಟ್ಟಿದ್ದೆ, ಅದು ಬೇರೆ ವಿಷಯ. ಯಜಮಾನರು ಆಗ ಕನ್ನಡಕ ತೆಗೆದು ಒರೆಸಿದರು.

ಊಟದ ಹೊತ್ತಿಗೆ ಎಲೆ ಹಾಕಿಸಿ, ಯಜಮಾನರ ಕೈಗೆ ಫೋನು ಕೊಟ್ಟು, ನಾದಿನಿಯ ಎದುರಿಗೆ ಹೋಗಿ ನಿಂತೆ. ಪಕ್ಕ ನೋಡಲಿಲ್ಲ.

"ಏಳು, ಊಟಕ್ಕೆ ಬಾ."

ಅವಳು ಏಳಲಿಲ್ಲ. ಅಣ್ಣನ ಕಡೆ ನೋಡಿದಳು. "ಅಣ್ಣಾ, ಬಂತಾ?"

ಯಜಮಾನರು ಫೋನನ್ನು ಹಿಂದೆ ಮುಂದೆ ತಿರುಗಿಸಿದರು. "ಒತ್ತಿದ್ದೆ ಕಣಮ್ಮ. ಒತ್ತಿರ್ಲಿಲ್ಲ ಅನ್ಸುತ್ತೆ."

"ಇನ್ನೊಂದ್ಸಲ ಕರಿ ಅತ್ಗೆ."

ಛತ್ರದಷ್ಟು ಜನ ನೋಡುತ್ತಿದ್ದರು. ನಾನು ಇನ್ನೊಂದು ಸಲ ಕರೆದೆ, ಬೀದಿಗೆಲ್ಲ ಕೇಳುವ ಹಾಗೆ.

"ಈಗ ಎರಡ್ ಸಲ ಆಯ್ತು. ಒಂದು ಇವತ್ತಿಂದು, ಇನ್ನೊಂದು ಗುಬ್ಬಿದು. ಏಳು."

ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಮೊದಲನೇ ಎಲೆಗೆ ಹೋಗಿ ಕೂತಳು. ಹೋಳಿಗೆ ಬುಟ್ಟಿ ಹಿಡಿದು ನಾನೇ ಬಂದೆ. ಎರಡು ಹಾಕಿಸಿಕೊಂಡು, ಬುಟ್ಟಿಯೊಳಗೆ ಬಗ್ಗಿ ನೋಡಿ, ಇನ್ನೆಷ್ಟು ಉಳಿದಿವೆ ಎಂದು ಕೇಳಿದಳು.